ದಮ್ಮನ್ನು ಅಳೆಯುವ ನಾಲ್ಕು ಲೆಕ್ಕ

ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಅತ್ತ ಚಿಂಚೋಳಿಯ ಕಡೆಗೂ ಹಬ್ಬಿರುವುದು ಸುಣ್ಣದ ಕಲ್ಲಿನ ನೆಲ. ಮನೆಮನೆಗೆ ಹಾಸುವ ಫರ್ಸಿ ಇಲ್ಲಿಯದೇ. ನಿಜಾಮರ ಕಾಲದಲ್ಲೇ ಶಹಾಬಾದಿಗೆ ಸಿಮೆಂಟ್ ಕಾರ್ಖಾನೆ ಬಂತು. ಆಮೇಲೆ ವಾಡಿ, ಮಳಖೇಡ, ಸೇಡಂಗಳಲ್ಲಿ ಚಿಮಣಿಗಳು ಎದ್ದವು. ಮನೆಯೊಳಗಿನ ಹೊಗೆಯದು ಬೇರೆಯೇ ಕಥೆ. ತೊಗರಿ ರಾಶಿ ಮುಗಿದ ಮೇಲೆ ಉಳಿಯುವ ಕಟ್ಟಿಗೆ ಇಂದಿಗೂ ಎಷ್ಟೋ ಒಲೆಗಳ ಉರುವಲು. ಕಲ್ಲಿನ ಧೂಳು, ಒಲೆಯ ಹೊಗೆ, ಬೀಡಿ, ಹಿಂದೆ ಬಂದು ವಾಸಿಯಾದ ಕ್ಷಯ ಇವೆಲ್ಲ ಶ್ವಾಸನಾಳಗಳನ್ನು ಕಾಯಂ ಆಗಿ ಕಿರಿದಾಗಿಸಬಲ್ಲವು. ಹೀಗೆ ಹುಟ್ಟುವ ದೀರ್ಘಕಾಲದ ರೋಗಕ್ಕೆ ವೈದ್ಯರು ಸಿಒಪಿಡಿ ಎನ್ನುತ್ತಾರೆ. 2016ರ ಅಂದಾಜಿನಂತೆ ಭಾರತದಲ್ಲಿ ಸುಮಾರು 5.5 ಕೋಟಿ ಜನರಿಗೆ ಇದು ಇತ್ತು.

ರೋಗಿಯ ಮನೆಯವರು ಕೇಳುವುದು ಒಂದೇ ಪ್ರಶ್ನೆ: ‘ಮುಂದ ಹೆಂಗ್ರೀ?’ ಈ ಪ್ರಶ್ನೆಗೆ ಊಹೆಯ ಉತ್ತರ ಕೊಡಬಾರದೆಂದೇ ರೋಗದ ತೀವ್ರತೆಯನ್ನು ವರ್ಗೀಕರಿಸುವ ವಿಧಾನಗಳು ಹುಟ್ಟಿದವು.

ಮೊದಲನೆಯದು ಊದುವ ಪರೀಕ್ಷೆ, ಸ್ಪೈರೋಮೆಟ್ರಿ. ಪೂರ್ತಿ ಉಸಿರೆಳೆದು ಬಲವಾಗಿ ಊದಿದಾಗ ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತು ಎಂದು ಯಂತ್ರ ಅಳೆಯುತ್ತದೆ. ಶ್ವಾಸನಾಳ ಹಿಗ್ಗಿಸುವ ಔಷಧಿ ಕೊಟ್ಟ ಮೇಲೂ ಆ ಗಾಳಿ ಒಟ್ಟು ಊದಿದ್ದರ ಶೇ. 70ಕ್ಕಿಂತ ಕಡಿಮೆಯಿದ್ದರೆ ನಾಳ ಕಟ್ಟಿಕೊಂಡಿದೆ ಎಂದರ್ಥ. ಆಮೇಲೆ ಅದೇ ವಯಸ್ಸು, ಅದೇ ಎತ್ತರದ ಆರೋಗ್ಯವಂತರೊಂದಿಗೆ ಹೋಲಿಕೆ. ಅವರ ಶೇ. 80 ಅಥವಾ ಹೆಚ್ಚು ಬಂದರೆ ಮೊದಲ ಹಂತ, 50ರಿಂದ 79 ಎರಡನೆಯದು, 30ರಿಂದ 49 ಮೂರನೆಯದು, 30ಕ್ಕಿಂತ ಕೆಳಗೆ ಬಂದರೆ ನಾಲ್ಕನೆಯದು. ‘ಗೋಲ್ಡ್’ ಎಂಬ ಅಂತರರಾಷ್ಟ್ರೀಯ ತಜ್ಞರ ಕೂಟ ಜಗತ್ತಿಗೆಲ್ಲ ಹಬ್ಬಿಸಿದ ಹಂತಗಳಿವು. ಹೋಲಿಕೆಗೆ ಬಳಸುವ ಕೋಷ್ಟಕ ಭಾರತೀಯರದ್ದೇ ಆಗಿರಬೇಕು. ಯುರೋಪಿನವರ ಕೋಷ್ಟಕ ಹಿಡಿದರೆ ನಮ್ಮವರ ರೋಗ ಇದ್ದುದಕ್ಕಿಂತ ಹೆಚ್ಚಾಗಿ ಕಾಣುತ್ತದೆ.

ಆದರೆ ಊದಿದ ಅಂಕಿಯೊಂದರಿಂದಲೇ ರೋಗಿಯ ಮುಂದಿನ ದಿನಗಳನ್ನು ಹೇಳಲಾಗದು. ಒಂದೇ ಹಂತದ ಇಬ್ಬರಲ್ಲಿ ಒಬ್ಬ ಸಂತೆಗೆ ನಡೆದು ಹೋಗಿ ಬರುತ್ತಾನೆ, ಇನ್ನೊಬ್ಬನಿಗೆ ಅಂಗಿ ತೊಡುವಾಗಲೇ ಏದುಸಿರು. ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತಂದದ್ದು ಬಾರ್ತೊಲೊಮೆ ಸೆಲ್ಲಿ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ‘ಬೋಡ್’ ಸೂಚ್ಯಂಕ. ಮೈತೂಕ, ಊದುವ ಶಕ್ತಿ, ಏದುಸಿರು, ನಡಿಗೆ ಈ ನಾಲ್ಕಕ್ಕೂ ಅಂಕ ಕೊಟ್ಟು ಕೂಡಿಸುತ್ತಾರೆ. ಒಟ್ಟು 0ಯಿಂದ 10. ಅಂಕ ಏರಿದಷ್ಟೂ ಅಪಾಯ ಹೆಚ್ಚು.

ಇದರಲ್ಲಿ ಏದುಸಿರಿನ ಅಳತೆಯ ಮೂಲ ವೇಲ್ಸಿನ ಕಲ್ಲಿದ್ದಲು ಗಣಿ ಕಾರ್ಮಿಕರ ನಡುವೆ ಚಾರ್ಲ್ಸ್ ಫ್ಲೆಚರ್ ನಡೆಸಿದ ಕೆಲಸದಲ್ಲಿದೆ. ಧೂಳು ಕುಡಿದ ಎದೆಗಳಿಗಾಗಿ ಹುಟ್ಟಿದ ಪ್ರಶ್ನೆಗಳು ನಮ್ಮ ಗಣಿ ಸೀಮೆಗೂ ಚೆನ್ನಾಗಿ ಒಪ್ಪುತ್ತವೆ. ಜೋರು ಶ್ರಮಪಟ್ಟಾಗ ಮಾತ್ರ ದಮ್ಮು ಹತ್ತಿದರೆ 0. ದಿನ್ನೆ ಏರುವಾಗ ಅಥವಾ ಅವಸರದಲ್ಲಿ ನಡೆದಾಗ ಹತ್ತಿದರೆ 1. ಸಮ ನೆಲದಲ್ಲೂ ಓರಗೆಯವರಿಗಿಂತ ಹಿಂದೆ ಬಿದ್ದರೆ 2. ಸುಮಾರು ನೂರು ಮೀಟರಿಗೇ ನಿಲ್ಲಬೇಕಾದರೆ 3. ಮನೆ ಬಿಟ್ಟು ಹೊರಡಲೇ ಆಗದಿದ್ದರೆ 4. ‘ವಯಸ್ಸಾದಮ್ಯಾಗ ದಮ್ಮು ಬರೋದೇ’ ಎಂದು ಮನೆಯಲ್ಲೇ ಕೂತ ಎಷ್ಟೋ ಹಿರಿಯರು ಈ ಮೆಟ್ಟಿಲಿನಲ್ಲಿ ಈಗಾಗಲೇ ಬಹಳ ದೂರ ಬಂದಿರುತ್ತಾರೆ.

ಒಂದು ಕಾಲ್ಪನಿಕ ಲೆಕ್ಕ ನೋಡೋಣ. ಇಬ್ಬರ ಊದುವ ಶಕ್ತಿಯೂ ಶೇ. 45, ಇಬ್ಬರದೂ ಮೂರನೆಯ ಹಂತ. ಒಬ್ಬನ ದೇಹದ್ರವ್ಯ ಸೂಚ್ಯಂಕ (ಎತ್ತರಕ್ಕೆ ತಕ್ಕ ಮೈತೂಕದ ಅಳತೆ) 23, ಏದುಸಿರು 1, ಆರು ನಿಮಿಷದಲ್ಲಿ 400 ಮೀಟರ್ ನಡೆಯುತ್ತಾನೆ. ಬೋಡ್‌ನಲ್ಲಿ ಊದುವುದಕ್ಕೆ ಬಂದ 2 ಅಂಕ ಬಿಟ್ಟರೆ ಉಳಿದವು ಸೊನ್ನೆ; ಏದುಸಿರಿನ 1ನೇ ಮೆಟ್ಟಿಲಿಗೂ ಅಂಕವಿಲ್ಲ. ಇನ್ನೊಬ್ಬನ ಸೂಚ್ಯಂಕ 18, ಏದುಸಿರು 3, ನಡಿಗೆ 200 ಮೀಟರ್. ಅವನ ಮೊತ್ತ 7. ಸೆಲ್ಲಿಯವರ ರೋಗಿಗಳಲ್ಲಿ 0–2 ಅಂಕದವರ ಪೈಕಿ ನಾಲ್ಕು ವರ್ಷದ ನಂತರ ಸುಮಾರು ಶೇ. 80 ಮಂದಿ ಬದುಕಿದ್ದರು. 7–10 ಅಂಕದವರಲ್ಲಿ ಶೇ. 20ನ್ನೂ ಮುಟ್ಟಲಿಲ್ಲ.

ಈ ಅಂಕಿಗಳು ಒಂದು ಗುಂಪಿನವು, ಒಬ್ಬನ ಜಾತಕವಲ್ಲ. ಆ ಅಧ್ಯಯನ ಅಮೆರಿಕ, ಸ್ಪೇನ್, ವೆನೆಜುವೆಲಾಗಳಲ್ಲಿ ನಡೆದದ್ದು. ದೇಹದ್ರವ್ಯ ಸೂಚ್ಯಂಕ 21 ಅಥವಾ ಕೆಳಗಿದ್ದರೆ ಬೋಡ್ ಒಂದು ಅಂಕ ಸೇರಿಸುತ್ತದೆ. ಕಲ್ಲು ಹೊತ್ತು ದುಡಿಯುವ ನಮ್ಮ ಕೂಲಿಕಾರ ರೋಗವಿಲ್ಲದೆಯೂ ತೆಳ್ಳಗಿರುತ್ತಾನೆ. ಹಾಗಾಗಿ ಇಂದಿನ ತೂಕಕ್ಕಿಂತ ಹೋದ ವರ್ಷದಿಂದ ಎಷ್ಟು ಇಳಿಯಿತು ಎಂಬುದನ್ನು ನೋಡುವುದೇ ಸರಿ ಎಂದು ನನ್ನ ಅಭಿಪ್ರಾಯ. ಅಂಕ ಇಳಿಯುವುದೂ ಉಂಟು. ಕ್ರಮವಾದ ಉಸಿರಾಟ ಪುನಶ್ಚೇತನದಿಂದ ನಡಿಗೆ ಉದ್ದವಾಗುತ್ತದೆ, ಏದುಸಿರು ತಗ್ಗುತ್ತದೆ. ಬೀಡಿ ಬಿಟ್ಟರೆ ಶ್ವಾಸಕೋಶದ ಶಕ್ತಿ ಕುಸಿಯುವ ವೇಗ ಕಡಿಮೆಯಾಗುತ್ತದೆ.

ಗೋಲ್ಡ್ ಕೂಟ 2023ರಲ್ಲಿ ಇನ್ನೊಂದು ಅಂಶಕ್ಕೆ ಒತ್ತು ಕೊಟ್ಟಿತು. ಕಳೆದ ವರ್ಷ ದಮ್ಮು ಉಲ್ಬಣಿಸಿ ಒಮ್ಮೆ ಆಸ್ಪತ್ರೆ ಸೇರಿದವರನ್ನು, ಅಥವಾ ಎರಡು ಸಲ ಹೆಚ್ಚುವರಿ ಔಷಧಿ ಬೇಕಾದವರನ್ನು ಅದು ಆಗ ಪ್ರತ್ಯೇಕ ಗುಂಪಾಗಿಯೇ ಕಂಡಿತು. ಹಿಂದೆ ಉಲ್ಬಣಿಸಿದ್ದು ಮತ್ತೆ ಉಲ್ಬಣಿಸುವ ಸಂಭವ ಹೆಚ್ಚು. ಹಳೆಯ ಆಸ್ಪತ್ರೆ ಚೀಟಿ ಎಸೆಯಬಾರದು ಎನ್ನುವುದು ಇದಕ್ಕೇ.

ಬೋಡ್‌ನ ನಾಲ್ಕು ಅಳತೆಗಳಲ್ಲಿ ಮೂರಕ್ಕೆ ದುಬಾರಿ ಯಂತ್ರವೇ ಬೇಡ. ತೂಕದ ಮಾಪಕ, ಎತ್ತರದ ಪಟ್ಟಿ, ಐದು ಪ್ರಶ್ನೆ, ಮೂವತ್ತು ಮೀಟರ್ ಸಮತಟ್ಟಾದ ಪಡಸಾಲೆ, ಒಂದು ಗಡಿಯಾರ ಇಷ್ಟಿದ್ದರೆ ಸಾಕು. ನಾಲ್ಕನೆಯದಕ್ಕೆ ಊದುವ ಯಂತ್ರ ಮತ್ತು ಸರಿಯಾಗಿ ಊದಿಸಲು ಕಲಿತ ಒಬ್ಬ ಸಿಬ್ಬಂದಿ ಬೇಕು. ಸುಣ್ಣದ ಕಲ್ಲಿನ ಈ ಸೀಮೆಯ ಪ್ರತಿ ತಾಲ್ಲೂಕಿನ ಆಸ್ಪತ್ರೆಯಲ್ಲೂ ಇವೆರಡೂ ಇರಬೇಕು. ವೈದ್ಯರ ಬಳಿ ಹೋದಾಗ ‘ಕೆಮ್ಮು, ದಮ್ಮು’ ಎಂದಷ್ಟೇ ಹೇಳಿ ಬರಬೇಡಿ. ಗಣಿಯಲ್ಲೋ ಕಾರ್ಖಾನೆಯಲ್ಲೋ ಎಷ್ಟು ವರ್ಷ ದುಡಿದಿರಿ, ಒಲೆಗೆ ಏನು ಉರಿಸುತ್ತೀರಿ, ಕ್ಷಯ ಬಂದಿತ್ತೇ, ಎಷ್ಟು ದೂರ ನಡೆದರೆ ನಿಲ್ಲುತ್ತೀರಿ ಎಂಬುದನ್ನೂ ಹೇಳಿ, ಊದುವ ಪರೀಕ್ಷೆ ಮಾಡಿಸಿ ಎಂದು ಕೇಳಿ.