ನೇತಾಜಿಯನ್ನು ಕರೆದೊಯ್ದ ಐ-29, ಮುಂಬೈಯ ರಹಮಾನಿ

1943ರ ಏಪ್ರಿಲ್ 28ರಂದು ಮಡಗಾಸ್ಕರ್ ಆಚೆಯ ಕಡಲಿನಲ್ಲಿ ಸುಭಾಷ್‌ಚಂದ್ರ ಬೋಸ್ ಮತ್ತು ಆಬಿದ್ ಹಸನ್ ರಬ್ಬರ್ ದೋಣಿ ಹತ್ತಿ, ಜರ್ಮನಿಯ ಯು-180ರಿಂದ ಜಪಾನಿನ ಐ-29 ಜಲಾಂತರ್ಗಾಮಿಗೆ ದಾಟಿಕೊಂಡರು. ಈ ಕಥೆಯನ್ನು ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಅದೇ ಐ-29 ಮೂರು ತಿಂಗಳು ತುಂಬುವ ಮೊದಲೇ, ಜುಲೈ 12ರಂದು, ಏಡನ್ ಕೊಲ್ಲಿಯಲ್ಲಿ ‘ರಹಮಾನಿ’ಯನ್ನು ಮುಳುಗಿಸಿತು. ಮುಂಬೈಯ ಮೊಗಲ್ ಲೈನಿನ ಹಡಗದು, ಹೊರಟದ್ದೂ ಮುಂಬೈಯಿಂದಲೇ. ಈ ಕಥೆಯನ್ನು ಮಾತ್ರ ಯಾರೂ ಹೇಳುವುದಿಲ್ಲ. ಹೇಳಬೇಕು.

ಮುಂಬೈ ಜನ ಜಪಾನೀಯರ ದಾಳಿಗೆ ಹೆದರಿದ್ದರು. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕ್‌ನಲ್ಲಿ ‘ಫೋರ್ಟ್ ಸ್ಟೈಕಿನ್’ ಸಿಡಿದಾಗ ಜಪಾನ್ ಬಂದೇಬಿಟ್ಟಿತೆಂದು ಎಷ್ಟೋ ಮಂದಿ ನಂಬಿದರು. ಅದು ಹತ್ತಿ, ಮದ್ದುಗುಂಡು ಒಟ್ಟಿಗೆ ತುಂಬಿದ್ದ ಹಡಗಿಗೆ ಹತ್ತಿದ ಬೆಂಕಿ. ಜಪಾನೀಯರ ಏಟು ಈ ನಗರಕ್ಕೆ ಬಿದ್ದದ್ದು ದೂರದ ನೀರಿನಲ್ಲಿ.

ಬಲ್ಲಾರ್ಡ್ ಎಸ್ಟೇಟ್‌ನ ಸಿಂಧಿಯಾ ಹೌಸ್‌ಗೆ ಆ ಏಟು ಜೋರಾಗಿಯೇ ತಟ್ಟಿತು. ವಾಲ್‌ಚಂದ್ ಹೀರಾಚಂದ್ ಕಟ್ಟಿ ಬೆಳೆಸಿದ ಸ್ವದೇಶಿ ಹಡಗು ಕಂಪನಿ ಅದು. 1942ರ ಜನವರಿ ಒಂದೇ ತಿಂಗಳಲ್ಲಿ ಅದರ ‘ಜಲರಾಜನ್’, ‘ಜಲತರಂಗ್’, ‘ಜಲಪಾಲಕ’ ಮೂರೂ ಜಪಾನಿ ಜಲಾಂತರ್ಗಾಮಿಗಳಿಗೆ ಬಲಿಯಾದವು. 1944ರ ಮಾರ್ಚ್ 16ರಂದು ಬಂಗಾಳ ಕೊಲ್ಲಿಯಲ್ಲಿ ‘ಎಲ್ ಮದೀನಾ’ ಮುಳುಗಿ ಸುಮಾರು 380 ಜನ ಸತ್ತರು.

ಜಪಾನಿನ ನೌಕಾಪಡೆ ಜಲಾಂತರ್ಗಾಮಿಗಳನ್ನು ಕಟ್ಟಿದ್ದು ಮುಖ್ಯವಾಗಿ ಶತ್ರುವಿನ ಯುದ್ಧನೌಕೆಗಳ ಬೇಟೆಗೆ. ಹಿಂದೂ ಮಹಾಸಾಗರದಲ್ಲಿ ಮಾತ್ರ ಅವು ಪೆನಾಂಗ್‌ನಿಂದ ಹೊರಟು ಸರಕು ಹಡಗುಗಳ ಬೆನ್ನು ಹತ್ತಿದವು. ಐ-29ರ ಉದ್ದ ನೂರು ಮೀಟರಿಗೂ ಹೆಚ್ಚು. ಬೆನ್ನ ಮೇಲೆ ಪುಟ್ಟ ವಿಮಾನ ಒಯ್ಯಬಲ್ಲದು. ಎಣ್ಣೆ ತುಂಬಿಕೊಳ್ಳದೆ 14,000 ನಾಟಿಕಲ್ ಮೈಲಿ ಓಡಬಲ್ಲದು. ಅಂಥದ್ದರ ಎದುರು ಒಂಟಿಯಾಗಿ ಸಾಗುವ ಹಳೆಯ ಉಗಿಹಡಗಿನ ಪಾಡೇನು?

ಟಾರ್ಪೆಡೊ ಎಂಜಿನ್ ಕೋಣೆಗೆ ಬಡಿದರೆ ಮೊದಲು ಸಾಯುವವರು ಕೆಳಗೆ ಬಾಯ್ಲರಿಗೆ ಕಲ್ಲಿದ್ದಲು ಎಸೆಯುವ ಆಗ್‌ವಾಲಾಗಳು. ಅವರು, ಖಲಾಸಿಗಳು, ಅಡುಗೆಯ ಭಂಡಾರಿಗಳು ಬ್ರಿಟಿಷ್ ಹಡಗುಗಳಲ್ಲಿ ಬಿಳಿ ನಾವಿಕರಿಗಿಂತ ತೀರಾ ಕಡಿಮೆ ಸಂಬಳಕ್ಕೆ ದುಡಿದವರು. ಯುದ್ಧ ಅವರದ್ದಾಗಿರಲಿಲ್ಲ. ಬೋಸರ ಸಾಹಸವನ್ನು ಗೌರವಿಸುವವರು ಈ ಸಾವುಗಳನ್ನು ಮರೆಯಬೇಕಾಗಿಲ್ಲ, ಎರಡಕ್ಕೂ ನಮ್ಮ ಎದೆಯಲ್ಲಿ ಜಾಗವಿದೆ.

ಆ ಯುದ್ಧದಲ್ಲಿ ಮಡಿದು, ಕಡಲಲ್ಲದೆ ಬೇರೆ ಸಮಾಧಿ ಇಲ್ಲದ 6,000ಕ್ಕೂ ಹೆಚ್ಚು ನಾವಿಕರ ಹೆಸರಿನ ಪುಸ್ತಕ ಮಸ್ಜಿದ್ ಬಂದರಿನ ಇಂಡಿಯನ್ ಸೈಲರ್ಸ್ ಹೋಮ್‌ಗೆ ಸೇರಿದ್ದು. ಅದರ ಇನ್ನೊಂದು ಪ್ರತಿ ಚಿತ್ತಗಾಂಗ್‌ನದು. 1919ರಲ್ಲಿ ಸಿಂಧಿಯಾದ ‘ಲಾಯಲ್ಟಿ’ ಮುಂಬೈಯಿಂದ ಲಂಡನ್ನಿಗೆ ಹೊರಟ ಏಪ್ರಿಲ್ 5 ಇಂದು ರಾಷ್ಟ್ರೀಯ ಕಡಲಯಾನ ದಿನ. ಆ ದಿನವಾದರೂ ಈ ಪುಸ್ತಕದ ಹೆಸರುಗಳನ್ನು ಮುಂಬೈಯಲ್ಲಿ ಗಟ್ಟಿಯಾಗಿ ಓದಿಸಬಾರದೇಕೆ?