ಎದೆಬಡಿತದ ಮಾತ್ರೆ: ಜಮಾ ಜೊತೆ ಖರ್ಚಿನ ಬದಿಯೂ ತಿಳಿದಿರಲಿ

ಸಂಘದ ಕಾರ್ಯಕ್ರಮಗಳಲ್ಲಿ ಹಿರಿಯರು ಒಟ್ಟು ಸೇರಿದರೆ ಬಿ.ಪಿ., ಶುಗರ್ ಮಾತು ಬಂದೇ ಬರುತ್ತದೆ. ಎದೆಬಡಿತ ತಾಳ ತಪ್ಪುತ್ತದೆಂದು ಮಾತ್ರೆ ನುಂಗುವವರೂ ನಮ್ಮಲ್ಲಿದ್ದಾರೆ. ಆದರೆ ಆ ಮಾತ್ರೆ ಯಾವ ವರ್ಗದ್ದೆಂದು ಹೇಳಬಲ್ಲವರು ಕಡಿಮೆ.

ಆಕ್ಸ್‌ಫರ್ಡಿನ ವಾನ್ ವಿಲಿಯಮ್ಸ್ 1970ರಲ್ಲಿ ಆರಂಭಿಸಿದ ವಿಂಗಡಣೆಯಂತೆ ಈ ಔಷಧಗಳಲ್ಲಿ ಮುಖ್ಯವಾಗಿ ನಾಲ್ಕು ವರ್ಗಗಳಿವೆ. ಹೃದಯದ ಜೀವಕೋಶಗಳಲ್ಲಿ ಸೋಡಿಯಂ ಹರಿವನ್ನು ತಡೆಯುವ ಫ್ಲೆಕೈನೈಡ್ ಮೊದಲನೆಯದು. ಮೆಟೊಪ್ರೊಲಾಲ್‌ನಂತಹ ಬೀಟಾ ಬ್ಲಾಕರ್‌ಗಳು ಎರಡನೆಯವು. ಪೊಟ್ಯಾಸಿಯಂ ಹರಿವನ್ನು ತಡೆಯುವ ಸೊಟಲಾಲ್, ಅಮಿಯೊಡರೋನ್ ಮೂರನೆಯವು. ಕ್ಯಾಲ್ಸಿಯಂ ತಡೆಯುವ ವೆರಾಪಮಿಲ್, ಡಿಲ್ಟಿಯಾಜೆಮ್ ನಾಲ್ಕನೆಯವು.

ತಾಳ ಸರಿಪಡಿಸುವ ಔಷಧವೇ ಕೆಲವೊಮ್ಮೆ ತಾಳ ಕೆಡಿಸುತ್ತದೆ. ಹೃದಯಾಘಾತವಾದ ಬಳಿಕ ಬಡಿತ ತಪ್ಪುತ್ತಿದ್ದವರಿಗೆ ಎನ್‌ಕೈನೈಡ್ ಅಥವಾ ಫ್ಲೆಕೈನೈಡ್ ಕೊಟ್ಟು ‘ಕಾಸ್ಟ್’ ಎಂಬ ಅಧ್ಯಯನ ನಡೆಯಿತು. ತಪ್ಪು ಬಡಿತಗಳೇನೋ ಕಡಿಮೆಯಾದವು. ಆದರೆ ಸಾವು ಹೆಚ್ಚುತ್ತಿರುವುದು ಕಂಡು 1989ರಲ್ಲಿ ಈ ಎರಡೂ ಔಷಧಗಳನ್ನು ನಿಲ್ಲಿಸಲಾಯಿತು. 1991ರ ವರದಿಯಂತೆ ಔಷಧ ಪಡೆದ 755 ಮಂದಿಯಲ್ಲಿ 63 ಮಂದಿ ತೀರಿಕೊಂಡರು. ಔಷಧವಿಲ್ಲದ ಹುಸಿ ಮಾತ್ರೆ ಪಡೆದ 743 ಮಂದಿಯಲ್ಲಿ 26 ಮಂದಿ ಮಾತ್ರ. ಇ.ಸಿ.ಜಿ. ಚೆನ್ನಾಗಿ ಕಂಡ ಮಾತ್ರಕ್ಕೆ ರೋಗಿ ಕ್ಷೇಮವೆಂದಲ್ಲ ಎಂಬ ಪಾಠವನ್ನು ವೈದ್ಯಲೋಕ ಕಲಿತದ್ದು ಹೀಗೆ.

ಬ್ಯಾಂಕಿನ ಲೆಕ್ಕದಂತೆ ಪ್ರತಿ ಮಾತ್ರೆಗೂ ಖರ್ಚಿನ ಬದಿಯೊಂದಿದೆ. ಬೀಟಾ ಬ್ಲಾಕರ್‌ನಿಂದ ಅಸ್ತಮಾ ಉಲ್ಬಣಿಸಬಹುದು. ಅದರೊಡನೆ ವೆರಾಪಮಿಲ್ ಸೇರಿದರೆ ನಾಡಿ ಅಪಾಯಕಾರಿಯಾಗಿ ನಿಧಾನವಾಗಬಹುದು. ಅಮಿಯೊಡರೋನ್‌ನ 200 ಮಿಲಿಗ್ರಾಂ ಮಾತ್ರೆಯಲ್ಲಿ ಸುಮಾರು 75 ಮಿಲಿಗ್ರಾಂ ಅಯೋಡಿನ್ ಇದೆ. ನಮಗೆ ದಿನಕ್ಕೆ ಬೇಕಾದದ್ದು 150 ಮೈಕ್ರೋಗ್ರಾಂ. ಅಷ್ಟೂ ಅಯೋಡಿನ್ ಬಿಡುಗಡೆಯಾಗದಿದ್ದರೂ ಥೈರಾಯ್ಡ್ ಏರುಪೇರಾಗಬಹುದು. ಶ್ವಾಸಕೋಶ, ಯಕೃತ್ತಿಗೂ ತೊಂದರೆಯಾಗಬಹುದು. ಹೀಗಾಗಿ ಸುಮಾರು ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಒಣಕೆಮ್ಮು, ಉಬ್ಬಸ ಕಂಡರೆ ಕೂಡಲೇ ವೈದ್ಯರಿಗೆ ತಿಳಿಸಬೇಕು.

ರಜೆಯಲ್ಲಿ ಊರಿಗೆ ಹೋಗುವ ನಾವು ಇನ್ನೊಂದು ಎಚ್ಚರ ವಹಿಸಬೇಕು. ಅಲ್ಲಿ ಜ್ವರ ಬಂದರೆ ನೋಡುವ ಡಾಕ್ಟರಿಗೆ ನಮ್ಮ ಮಾತ್ರೆಗಳ ವಿಷಯ ಗೊತ್ತಿರುವುದಿಲ್ಲ. ಸೊಟಲಾಲ್ ಜೊತೆ ಕ್ಲಾರಿತ್ರೊಮೈಸಿನ್‌ನಂತಹ ಆ್ಯಂಟಿಬಯೋಟಿಕ್ ಸೇರಿದರೆ ಮಾರಕ ತಾಳತಪ್ಪು ಉಂಟಾಗಬಹುದು. ಅಮಿಯೊಡರೋನ್ ತೆಗೆದುಕೊಳ್ಳುವವರಿಗೆ ವಾರ್ಫರಿನ್ ಹಳೆಯ ಪ್ರಮಾಣದಲ್ಲೇ ಕೊಟ್ಟರೆ ರಕ್ತಸ್ರಾವದ ಭಯವಿದೆ.

ಆದ್ದರಿಂದ ಮಾತ್ರೆಗಳ ಹೆಸರು, ಪ್ರಮಾಣ ಬರೆದ ಚೀಟಿ ಸದಾ ಕಿಸೆಯಲ್ಲಿರಲಿ. ಊರಿಗೆ ಹೊರಡುವಾಗ ನಾಲ್ಕು ದಿನದ್ದು ಹೆಚ್ಚೇ ಕೊಂಡೊಯ್ಯಿರಿ. ಇದನ್ನು ಓದಿ ಹೆದರಿ ಯಾರೂ ಮಾತ್ರೆ ಬಿಡಬಾರದು. ಬೀಟಾ ಬ್ಲಾಕರ್ ಥಟ್ಟನೆ ನಿಲ್ಲಿಸುವುದೂ ಅಪಾಯವೇ. ತಲೆಸುತ್ತಿ ಪ್ರಜ್ಞೆ ತಪ್ಪಿದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಬೇಕು, ಚೀಟಿಯೂ ಜೊತೆಗಿರಬೇಕು.