ಗರಿಕೆ: ಗಿಣ್ಣಿಗೊಂದು ಗಿಡ

ಗರಿಕೆ ಯಾರಿಗೆ ಗೊತ್ತಿಲ್ಲ ಹೇಳಿ? ನಮ್ಮ ಶಾಲೆಯ ಅಂಗಳದಲ್ಲೇ ಇದೆ. ದಿನಾ ಅದರ ಮೇಲೆಯೇ ಕೂತು ಊಟ ಮಾಡುತ್ತೇವೆ. ನನಗೂ ಚೆನ್ನಾಗಿ ಗೊತ್ತು ಅಂದುಕೊಂಡಿದ್ದೆ. ಆದರೆ ಹೋದ ವರ್ಷ ಗಣೇಶನ ಹಬ್ಬದ ದಿನ ಅಜ್ಜಿ "ಇಪ್ಪತ್ತೊಂದು ಗರಿಕೆ ಕಿತ್ಕೊಂಡು ಬಾರೋ" ಎಂದು ಕಳಿಸಿದಾಗ ನಾನು ಬಾಳೆಗಿಡದ ಬುಡದಲ್ಲಿ ಸೊಂಪಾಗಿ ಬೆಳೆದಿದ್ದ ಹುಲ್ಲನ್ನು ಕಿತ್ತು ತಂದೆ. ಅಜ್ಜಿ ತಟ್ಟೆ ನೋಡಿ, "ಅಯ್ಯೋ ಮಂಕೇ, ಇದು ಜೇಕು ಕಣೋ! ಸ್ಕೂಲಿಗೆ ಹೋಗಿ ಏನು ಕಲಿತೆ?" ಅಂದರು. ಮನೆಯವರೆಲ್ಲಾ ನಕ್ಕರು. ನನಗೆ ಬಹಳ ನಾಚಿಕೆಯಾಯಿತು. ಮಾರನೇ ದಿನ ಎರಡನ್ನೂ ಬೇರು ಸಮೇತ ಕಿತ್ತು ಕಾಗದದಲ್ಲಿ ಸುತ್ತಿ ವಿಜ್ಞಾನದ ಮೇಷ್ಟ್ರಿಗೆ ತೋರಿಸಿದೆ. ಅವತ್ತಿನಿಂದ ನಾನು ನೋಡಿ ತಿಳಿದುಕೊಂಡಿದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಜೇಕಿನ ವಿಚಾರ ಮುಗಿಸಿಬಿಡುತ್ತೇನೆ. ಕೊನ್ನಾರಿ ಗಡ್ಡೆ ಅನ್ನುವುದೂ ಇದನ್ನೇ. ಇದು ನೋಡಲು ಹುಲ್ಲಿನ ಹಾಗಿದ್ದರೂ ಹುಲ್ಲಲ್ಲ! ಮೇಷ್ಟ್ರು ಜೇಕಿನ ಹೂವಿನ ದಂಟನ್ನು ನನ್ನ ಕೈಗೆ ಕೊಟ್ಟು, ಹೆಬ್ಬೆರಳು ತೋರುಬೆರಳಿನ ನಡುವೆ ಉರುಳಿಸು ಅಂದರು. ಉರುಳಲಿಲ್ಲ. ತಡೆ ತಡೆದು ತಿರುಗಿತು. ಏಕೆಂದರೆ ಅದಕ್ಕೆ ಮೂರು ಮೂಲೆಗಳಿವೆ. ಗರಿಕೆಯ ದಂಟು ನುಣ್ಣಗೆ ಉರುಳಿತು. ಜೇಕಿನ ದಂಟಿನಲ್ಲಿ ಗಿಣ್ಣು ಇಲ್ಲ, ಗರಿಕೆಯಲ್ಲಿ ಇದೆ. ಜೇಕನ್ನು ಮೇಲಿನಿಂದ ನೋಡಿದರೆ ಎಲೆಗಳು ಮೂರು ದಿಕ್ಕಿಗೆ ಹೋಗುತ್ತವೆ. ಹುಲ್ಲಿನ ಎಲೆಗಳು ಎರಡೇ ಕಡೆಗೆ, ಒಂದು ಆಚೆ ಒಂದು ಈಚೆ. ಇಷ್ಟು ತಿಳಿದರೆ ಯಾರೂ ನನ್ನ ಹಾಗೆ ಅಜ್ಜಿಯ ಹತ್ತಿರ ಬೈಸಿಕೊಳ್ಳಬೇಕಿಲ್ಲ.

ಇನ್ನು ಗರಿಕೆ. ಇದು ಏಕದಳ ಸಸ್ಯ. ಅಂದರೆ ಬೀಜದಲ್ಲಿ ಒಂದೇ ದಳ. ಅವರೆ, ತೊಗರಿಯ ಹಾಗೆ ಎರಡು ಬೇಳೆಯಾಗಿ ಒಡೆಯುವುದಿಲ್ಲ. ತಾಯಿ ಬೇರು ಇಲ್ಲ, ನಾರು ನಾರಾದ ತಂತು ಬೇರುಗಳು. ಎಲೆ ಸಣ್ಣದು, ಅಗಲ 2 ರಿಂದ 4 ಮಿಲಿಮೀಟರ್ ಮಾತ್ರ. ಎಲೆಯ ನರಗಳು ನಮ್ಮ ಕಾಪಿ ಪುಸ್ತಕದ ಗೆರೆಗಳ ಹಾಗೆ ಸಮಾನಾಂತರವಾಗಿ ಓಡುತ್ತವೆ. ಎಲೆಯ ಕೆಳಭಾಗ ದಂಟನ್ನು ಒರೆಯ ಹಾಗೆ ಸುತ್ತಿಕೊಂಡಿರುತ್ತದೆ. ಆ ಒರೆಯೂ ಎಲೆಯೂ ಸೇರುವ ಜಾಗದಲ್ಲಿ ಭೂತಗನ್ನಡಿ ಇಟ್ಟು ನೋಡಿ. ಬಿಳಿ ಕೂದಲಿನ ಸಣ್ಣ ಸಾಲು ಕಾಣುತ್ತದೆ. ನಾನು ಮೊದಲು ಅದನ್ನು ಬೂಷ್ಟು ಅಂದುಕೊಂಡಿದ್ದೆ!

ಗರಿಕೆಯ ದೊಡ್ಡ ಗುಟ್ಟು ಇರುವುದು ಅದರ ಕಾಂಡದಲ್ಲಿ. ಒಂದು ಕಾಂಡ ನೆಲದ ಮೇಲೆ ಹಬ್ಬುತ್ತದೆ. ಇನ್ನೊಂದು ನೆಲದೊಳಗೆ ಹೋಗುತ್ತದೆ. ನೆಲದೊಳಗಿನದು ಬೆಳ್ಳಗೆ ದಪ್ಪಗೆ ಇರುವುದರಿಂದ ನಾವೆಲ್ಲಾ ಬೇರು ಅನ್ನುತ್ತೇವೆ. ಅದು ಬೇರಲ್ಲ, ಗುಪ್ತಕಾಂಡ. ಬೇರಿಗೆ ಗಿಣ್ಣು ಇರುವುದಿಲ್ಲ, ಇದಕ್ಕೆ ಇದೆ. ಪ್ರತಿ ಗಿಣ್ಣಿನಲ್ಲೂ ಕೆಳಗೆ ಬೇರು ಬಿಡುವ, ಮೇಲೆ ಚಿಗುರು ಬಿಡುವ ಶಕ್ತಿ ಇದೆ. ಹಾಗಾಗಿ ಗರಿಕೆಗೆ ಬೀಜ ಬೇಕೇ ಬೇಕು ಅಂತೇನಿಲ್ಲ.

ಇನ್ನೊಂದು ವಿಷಯ. ನಾವು ತೊಗರಿ ಗಿಡದ ಕುಡಿ ಚಿವುಟಿದರೆ ಆ ಕುಡಿ ಮತ್ತೆ ಉದ್ದವಾಗುವುದಿಲ್ಲ. ಹುಲ್ಲಿನ ಎಲೆ ಹಾಗಲ್ಲ, ಬುಡದಿಂದ ಬೆಳೆಯುತ್ತದೆ. ಕುರಿ ಮೇಲಿನ ತುದಿ ತಿಂದರೂ ಕೆಳಗಿನಿಂದ ಎಲೆ ಮತ್ತೆ ಮೇಲೆ ಬರುತ್ತದೆ. ನಮ್ಮೂರ ಕೆರೆ ಏರಿಯ ಕೆಳಗೆ ಬೆಳಗಿನಿಂದ ಸಂಜೆಯವರೆಗೆ ಕುರಿ ಮೇಯುತ್ತವೆ, ಆದರೂ ಗರಿಕೆ ಮುಗಿದಿಲ್ಲ ನೋಡಿ.

ಹೂವು ಇದೆಯಾ ಅಂತ ಕೇಳಬಹುದು. ಇದೆ. ತೆಳ್ಳನೆಯ ದಂಟಿನ ತುದಿಯಲ್ಲಿ ಸಾಮಾನ್ಯವಾಗಿ 3 ರಿಂದ 6 ತೆನೆಗಳು, ಅಂಗೈಯಿಂದ ಬೆರಳು ಬಂದ ಹಾಗೆ ಒಂದೇ ಜಾಗದಿಂದ ಹೊರಡುತ್ತವೆ. ಒಂದು ತೆನೆ 2 ರಿಂದ 5 ಸೆಂಟಿಮೀಟರ್ ಉದ್ದ. ತೆನೆಯ ಒಂದೇ ಮಗ್ಗುಲಲ್ಲಿ 2 ಸಾಲು ಕಿರುತೆನೆಗಳು. ಒಂದೊಂದು ಕಿರುತೆನೆಯಲ್ಲಿ ಒಂದೇ ಹೂವು. ಆ ಹೂವಿಗೆ ಬಣ್ಣದ ದಳವಿಲ್ಲ. 3 ಕೇಸರ, ಮತ್ತೆ ಹಕ್ಕಿಯ ಗರಿಯಂತಹ 2 ಶಲಾಕಾಗ್ರ. ಪರಾಗವನ್ನು ಗಾಳಿಯೇ ಒಯ್ಯುತ್ತದೆ. ದುಂಬಿಯನ್ನು ಕರೆಯಬೇಕಾಗಿಲ್ಲ, ಅದಕ್ಕೇ ಬಣ್ಣವೂ ಇಲ್ಲ ವಾಸನೆಯೂ ಇಲ್ಲ.

ಈ ತೆನೆ ನೋಡಿದಾಗ ನಿಮಗೆ ಯಾವುದರ ನೆನಪಾಗುತ್ತದೆ? ನನಗೆ ರಾಗಿಯ ನೆನಪಾಯಿತು. ಮೇಷ್ಟ್ರಿಗೆ ಹೇಳಿದಾಗ ಅವರು "ಸರಿಯಾಗಿ ನೋಡಿದೀಯ" ಅಂದು ಬೋರ್ಡಿನ ಮೇಲೆ ವರ್ಗೀಕರಣ ಬರೆದರು. ಗರಿಕೆ ಪೋಯೇಸೀ ಕುಟುಂಬಕ್ಕೆ ಸೇರಿದ್ದು. ಹಳೆಯ ಪುಸ್ತಕಗಳಲ್ಲಿ ಗ್ರಾಮಿನೀ ಅಂತ ಇರುತ್ತದೆ, ಎರಡೂ ಒಂದೇ. ಈ ಒಂದು ಕುಟುಂಬದಲ್ಲಿ 11 ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. ಭತ್ತ, ಗೋಧಿ, ಜೋಳ, ರಾಗಿ, ಕಬ್ಬು, ಬಿದಿರು ಎಲ್ಲಾ ಹುಲ್ಲೇ! ಬಿದಿರು ಹುಲ್ಲು ಅಂದರೆ ನನ್ನ ತಮ್ಮ ಈಗಲೂ ನಂಬುವುದಿಲ್ಲ. ಕುಟುಂಬ ದೊಡ್ಡದಾದ್ದರಿಂದ ಉಪಕುಟುಂಬಗಳನ್ನು ಮಾಡಿದ್ದಾರೆ. ಭತ್ತ ಒಂದರಲ್ಲಿ, ಬಿದಿರು ಇನ್ನೊಂದರಲ್ಲಿ, ಗೋಧಿ ಮತ್ತೊಂದರಲ್ಲಿ. ಜೋಳವೂ ಕಬ್ಬೂ ಒಟ್ಟಿಗೆ ಇವೆ. ಗರಿಕೆ ಇರುವುದು ಕ್ಲೋರಿಡಾಯ್ಡೀ ಎಂಬ ಉಪಕುಟುಂಬದಲ್ಲಿ. ರಾಗಿಯೂ ಅದರಲ್ಲೇ! ರಸ್ತೆ ಪಕ್ಕದಲ್ಲಿ ನೇರಳೆ ಬಣ್ಣದ ಕುಚ್ಚು ಬಿಡುವ ಹುಲ್ಲು ನೋಡಿರುತ್ತೀರಿ, ಅದೂ ಇವರ ಬಳಗವೇ. ಅದರ ಶಾಸ್ತ್ರೀಯ ಹೆಸರು ಕ್ಲೋರಿಸ್ ಬಾರ್ಬೇಟಾ. ನಮ್ಮೂರಲ್ಲಿ ಯಾರನ್ನು ಕೇಳಿದರೂ "ಅದೊಂದು ಹುಲ್ಲು" ಅಷ್ಟೇ ಅಂದರು. ಜೇಕು ಮಾತ್ರ ಬೇರೆ ಕುಟುಂಬ, ಸೈಪರೇಸೀ. ಆದರೆ ಎರಡು ಕುಟುಂಬವೂ ಒಂದೇ ಗಣಕ್ಕೆ ಸೇರಿವೆ. ಅಂದರೆ ರಾಗಿ ಗರಿಕೆಗೆ ದಾಯಾದಿ, ಜೇಕು ದೂರದ ನೆಂಟ.

ಹೆಸರಿನ ಕಥೆಯೂ ಚೆನ್ನಾಗಿದೆ. ಸ್ವೀಡನ್ ದೇಶದ ಕಾರ್ಲ್ ಲಿನೇಯಸ್ 1753ರಲ್ಲಿ ಗರಿಕೆಗೆ ಪ್ಯಾನಿಕಂ ಡ್ಯಾಕ್ಟೈಲಾನ್ ಎಂದು ಹೆಸರಿಟ್ಟರು. ಆಮೇಲೆ 1805ರಲ್ಲಿ ಪರ್ಸೂನ್ ಎಂಬ ವಿಜ್ಞಾನಿ ಅದನ್ನು ಬೇರೆ ಜಾತಿಗೆ ಸೇರಿಸಿ ಸೈನೋಡಾನ್ ಡ್ಯಾಕ್ಟೈಲಾನ್ ಮಾಡಿದರು. ಈಗಲೂ ಅದೇ ಹೆಸರು. ಸೈನೋಡಾನ್ ಅಂದರೆ ಗ್ರೀಕ್ ಭಾಷೆಯಲ್ಲಿ ನಾಯಿಹಲ್ಲು. ನೆಲದೊಳಗಿನ ಕಾಂಡದ ಮೇಲೆ ಮೊನಚಾದ ಗಟ್ಟಿ ಪೊರೆಗಳಿವೆಯಲ್ಲ, ಅವು ಹಲ್ಲಿನ ಹಾಗೆ ಕಾಣುತ್ತವೆ. ಡ್ಯಾಕ್ಟೈಲಾನ್ ಅಂದರೆ ಬೆರಳು. ಅದು ತೆನೆಗೆ ಇಟ್ಟ ಹೆಸರು. ಇಂಗ್ಲಿಷಿನಲ್ಲಿ ಬರ್ಮುಡಾ ಗ್ರಾಸ್ ಅನ್ನುತ್ತಾರೆ, ಆದರೆ ಬರ್ಮುಡಾ ದ್ವೀಪ ಗರಿಕೆಯ ಮೂಲ ಊರಲ್ಲ. ನಮ್ಮ ಅಜ್ಜಿಗೆ ಇದು ದೂರ್ವೆ. ಅಪ್ಪನಿಗೆ ಇದು ಶನಿ.

ಅಪ್ಪ ಶನಿ ಅನ್ನುವುದಕ್ಕೆ ಕಾರಣ ಇದೆ. ಕೆರೆ ಹತ್ತಿರ ನಮ್ಮದು 20 ಗುಂಟೆ ರಾಗಿ ಹೊಲ. ಒಂದು ಮೂಲೆಯಲ್ಲಿ ಗರಿಕೆ ಸೇರಿಕೊಂಡಿತ್ತು. ಹೋದ ವರ್ಷ ಅಪ್ಪ ಬಾಡಿಗೆ ಟ್ರ್ಯಾಕ್ಟರ್ ತರಿಸಿ ಎರಡು ಸಾಲು ರೋಟವೇಟರ್ ಹೊಡೆಸಿದರು. ಮಣ್ಣು ಹಿಟ್ಟಿನ ಹಾಗಾಯಿತು, ಗರಿಕೆ ಎಲ್ಲೂ ಕಾಣಲಿಲ್ಲ. ಮಳೆ ಬಿತ್ತು. ಒಂದು ಮೂಲೆಯಲ್ಲಿ ಇದ್ದದ್ದು ಹೊಲದ ತುಂಬಾ ಎದ್ದಿತು! ಅವ್ವ ದಿನಾ ಕಳೆ ಕಿತ್ತು ಕಿತ್ತು ಬೆರಳು ಒಡೆದುಕೊಂಡರು. ರಾಗಿ ಅರ್ಧಕ್ಕೆ ಅರ್ಧ ಕಡಿಮೆ ಬಂತು.

ಮೇಷ್ಟ್ರು ಹೇಳಿದ ಗಿಣ್ಣಿನ ವಿಷಯ ಕೇಳಿದ ಮೇಲೆ ನನಗೆ ಅನುಮಾನ ಬಂತು. ಮೂರು ತೆಂಗಿನ ಚಿಪ್ಪಿಗೆ ಮಣ್ಣು ತುಂಬಿದೆ. ಮೊದಲನೆಯದರಲ್ಲಿ ಗಿಣ್ಣು ಇರುವ 10 ತುಂಡು ನೆಟ್ಟೆ. ಎರಡನೆಯದರಲ್ಲಿ ಗಿಣ್ಣು ಇಲ್ಲದ 10 ತುಂಡು. ಮೂರನೆಯದರಲ್ಲಿ, ಗಿಣ್ಣು ಇರುವ 10 ತುಂಡುಗಳನ್ನೇ ಎಂಟು ದಿನ ಹೆಂಚಿನ ಮೇಲೆ ಬಿಸಿಲಿಗೆ ಒಣಗಿಸಿ ನೆಟ್ಟೆ. ಮೂರಕ್ಕೂ ನೀರು ಒಂದೇ ಸಮ. 15 ದಿನ ಕಾದೆ. ಮೊದಲನೆಯದರಲ್ಲಿ 9 ಚಿಗುರಿದವು. ಎರಡನೆಯದರಲ್ಲಿ ಒಂದೂ ಇಲ್ಲ, ಎಲ್ಲಾ ಕೊಳೆತವು. ಮೂರನೆಯದರಲ್ಲಿ ಒಂದು ಚಿಗುರಿತು! ಕಿತ್ತು ನೋಡಿದರೆ ಅದು ದಪ್ಪನೆಯ ಗುಪ್ತಕಾಂಡದ ತುಂಡು. ಒಳಗೆ ಇನ್ನೂ ಹಸಿ ಇತ್ತು.

ಚಿಪ್ಪುಗಳನ್ನು ಅಪ್ಪನಿಗೆ ತೋರಿಸಿದೆ. "ಅಪ್ಪಾ, ರೋಟವೇಟರ್ ಕೊಚ್ಚಿದ್ದು ಗರಿಕೆಯನ್ನು ಸಾಯಿಸಲಿಲ್ಲ, ನಾಟಿ ಮಾಡ್ತು" ಅಂದೆ. ಅಪ್ಪ ಏನೂ ಮಾತಾಡಲಿಲ್ಲ. ಬೈಯುತ್ತಾರೆ ಅಂತ ಹೆದರಿದ್ದೆ. ಆದರೆ ಈ ವರ್ಷ ಏಪ್ರಿಲ್‌ನಲ್ಲಿ ಎತ್ತು ಕಟ್ಟಿ ಆಳವಾಗಿ ನೇಗಿಲು ಹೊಡೆದರು. ಮೇಲೆ ಬಂದ ಗರಿಕೆ ಜಡೆಗಳನ್ನು ನಾವೆಲ್ಲಾ ಆರಿಸಿ ಬಂಡೆಯ ಮೇಲೆ ಹರವಿದೆವು. ಎಂಟು ದಿನ ಸಾಲದು ಅಂತ ನಾನು ಹೇಳಿದ್ದರಿಂದ ಹದಿನೈದು ದಿನ ಬಿಟ್ಟು ಸುಟ್ಟೆವು. ಮಳೆ ಬಿದ್ದ ಮೇಲೆ ಅಲಸಂದೆಯನ್ನು ಒತ್ತಾಗಿ ಬಿತ್ತಿದರು. ಗರಿಕೆಗೆ ಬಿಸಿಲು ಎಷ್ಟಿದ್ದರೂ ಬೇಕು, ನೆರಳು ಮಾತ್ರ ಆಗುವುದಿಲ್ಲ. ಮರದ ಕೆಳಗೆ ಗರಿಕೆ ಸೊರಗಿರುವುದನ್ನು ನೀವೇ ನೋಡಬಹುದು. ಅಲಸಂದೆ ಕಿತ್ತ ಮೇಲೆ ರಾಗಿ ಹಾಕಿದ್ದೇವೆ. ಗರಿಕೆ ಪೂರ್ತಿ ಹೋಗಿಲ್ಲ, ಅಲ್ಲೊಂದು ಇಲ್ಲೊಂದು ತಲೆ ಎತ್ತುತ್ತದೆ. ಆದರೆ ಅವ್ವ ಹೋದ ವರ್ಷದಷ್ಟು ಹೊತ್ತು ಈಗ ಬಗ್ಗಿರುವುದಿಲ್ಲ.

ಒಂದು ತಪ್ಪೂ ಆಯಿತು. ಅದನ್ನು ಬರೆಯದೇ ಹೋದರೆ ಸರಿಯಲ್ಲ. ನನ್ನ ಮಾತು ಕೇಳಿ ಅಪ್ಪ ಬದುವಿನ ಮೇಲಿದ್ದ ಗರಿಕೆಯನ್ನೂ ಗುದ್ದಲಿಯಲ್ಲಿ ಕೆತ್ತಿಬಿಟ್ಟರು. ಜೂನ್‌ನಲ್ಲಿ ಜೋರು ಮಳೆ ಬಂದ ರಾತ್ರಿ ಬದು ಎರಡು ಕಡೆ ಕೊಚ್ಚಿ ಹೋಯಿತು. ಗಿಣ್ಣು ಗಿಣ್ಣಿಗೂ ಬೇರು ಬಿಟ್ಟು ಮಣ್ಣನ್ನು ಬಲೆಯ ಹಾಗೆ ಹಿಡಿದುಕೊಂಡಿದ್ದದ್ದು ಅದೇ ಗರಿಕೆ! ಆಮೇಲೆ ಅಪ್ಪ ಕೆರೆ ಏರಿಯಿಂದ ಒಂದು ಮಕ್ಕರಿ ಗರಿಕೆ ತಂದು ಬದುವಿಗೆ ತಾವೇ ನೆಟ್ಟರು. ನೆಡುವಾಗ, "ದುಡ್ಡು ಕೊಟ್ಟು ಕೀಳಿಸಿದ್ದಾಯ್ತು, ಈಗ ಹೊತ್ಕೊಂಡು ಬಂದು ನೆಡೋದು" ಎಂದು ನಕ್ಕರು. ಬದುವಿನಿಂದ ಹೊಲದೊಳಗೆ ಇಳಿಯುವ ಬಳ್ಳಿಗಳನ್ನು ವಾರಕ್ಕೊಮ್ಮೆ ಕುಡುಗೋಲಿನಲ್ಲಿ ಕತ್ತರಿಸುವ ಕೆಲಸ ಈಗ ನನ್ನದು.

ಈ ಹಾಳೆಯ ಕೆಳಗೆ ಅಂಟಿಸಿರುವುದು ಒಣಗಿಸಿದ ಗರಿಕೆ ಮತ್ತು ಜೇಕು. ಎಡಗಡೆಯದು ಗರಿಕೆ. ಗಿಣ್ಣು ಇರುವ ಕಡೆ ಕೆಂಪು ಶಾಯಿಯಲ್ಲಿ ಬಾಣದ ಗುರುತು ಹಾಕಿದ್ದೇನೆ. ಮುಟ್ಟಿ ನೋಡಿ, ಆದರೆ ದಯವಿಟ್ಟು ಕೀಳಬೇಡಿ.